ಹಾಳೆಯ ಮೂಲೆಯಲ್ಲಿ ಬಿದ್ದ ಚೆಂಡು

ಮಾಟುಂಗಾದ ನಮ್ಮ ಮನೆ, ಮಳೆಗಾಲದ ಒಂದು ಭಾನುವಾರ. ತಂಗಿಯ ಮಗಳು ಹಳೇ ನೋಟ್‌ಬುಕ್ಕಿನ ಮೂಲೆಯಲ್ಲಿ ಚೆಂಡು ಬರೆಯುತ್ತ ಕೂತಿದ್ದಳು. ಹಾಳೆಗೊಂದು ಚೆಂಡು, ಪ್ರತಿ ಸಲ ಅಷ್ಟಷ್ಟೇ ಕೆಳಗೆ. ಹೆಬ್ಬೆರಳಿಂದ ಹಾಳೆಗಳನ್ನು ಸರಸರ ಬಿಟ್ಟು ನೋಡಿದಳು. "ದೊಡ್ಡಮ್ಮಾ, ಇದು ಬೀಳ್ತಾ ಇಲ್ಲ, ಲಿಫ್ಟಲ್ಲಿ ಇಳೀತಾ ಇದೆ!"

ಅವಳ ಕಣ್ಣು ಸರಿಯಾಗಿಯೇ ಹೇಳಿತ್ತು. ಬೀಳುವ ವಸ್ತುವಿನ ವೇಗ ಹೆಚ್ಚುತ್ತಾ ಹೋಗುತ್ತದೆ. ಮೊದಲು 1 ಪಾಲು ಇಳಿದರೆ, ಮುಂದೆ ಅಷ್ಟೇ ಹೊತ್ತಿನಲ್ಲಿ 3 ಪಾಲು, ಆಮೇಲೆ 5, ಆಮೇಲೆ 7. ಗೆಲಿಲಿಯೋ ಕಂಡುಕೊಂಡ ಲೆಕ್ಕ ಇದು. ಸ್ಕೇಲ್ ಹಿಡಿದು 1, 3, 5, 7 ಮಿಲಿಮೀಟರ್ ಅಂತರ ಬಿಟ್ಟು ಮತ್ತೆ ಬರೆದೆವು. ಈ ಸಲ ಚೆಂಡು ಬಿತ್ತು. ನಿಜವಾಗಿಯೂ ಬಿತ್ತು!

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಚಿತ್ರ ಬರೆದು ಅನಿಮೇಷನ್ ಮಾಡುವವರು ಸಾಮಾನ್ಯವಾಗಿ ಒಂದೇ ಚಿತ್ರವನ್ನು ಎರಡು ಫ್ರೇಮ್ ತೋರಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಒಂದು ಮೀಟರ್ ಎತ್ತರದಿಂದ ಚೆಂಡು ಬೀಳಲು ಅರ್ಧ ಸೆಕೆಂಡೂ ಬೇಡ. ಐದಾರು ಚಿತ್ರ ಸಾಕು. ನಡುವಿನದ್ದನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ.

ಕಣ್ಣಲ್ಲಿ ಚಿತ್ರ ಸ್ವಲ್ಪ ಹೊತ್ತು ಉಳಿಯುವುದರಿಂದ ಹೀಗಾಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೆವು, ಅಲ್ವಾ? ಅಷ್ಟೇ ಆಗಿದ್ದರೆ ಚಿತ್ರಗಳು ಒಂದರ ಮೇಲೊಂದು ಕೂತು ಕಲಸಿಹೋಗುತ್ತಿದ್ದವು. 1912ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜರ್ಮನಿಯಲ್ಲಿದ್ದ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ ಎರಡು ಗೆರೆಗಳನ್ನು ಬೇರೆ ಬೇರೆ ಕಡೆ ಒಂದರ ಹಿಂದೊಂದು ತೋರಿಸಿದರು. ನೋಡಿದವರಿಗೆ ಒಂದೇ ಗೆರೆ ಸರಿದಂತೆ ಕಂಡಿತು. ಚಲನೆ ಹುಟ್ಟಿದ್ದು ನೋಡಿದವರ ತಲೆಯೊಳಗೆ. ಹಾಗಾಗಿ ಯಾವ ಚಿತ್ರ ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯಲ್ಲೇ ಕಲಾವಿದರ ಜಾಣ್ಮೆ ಇರುವುದು ಎಂದು ನನಗನಿಸುತ್ತದೆ.

ಡಿಸ್ನಿ ಸ್ಟುಡಿಯೋ 2004ರ ಚಿತ್ರವೊಂದರ ನಂತರ ಕೈಬಿಟ್ಟಿದ್ದ, ಕೈಯಲ್ಲೇ ಬರೆದು ಸಿನಿಮಾ ಮಾಡುವ ಈ ಕೆಲಸಕ್ಕೆ 2009ರಲ್ಲಿ, ಕಪ್ಪೆಯಾದ ರಾಜಕುಮಾರನ ಕಥೆಯ ಮೂಲಕ ಮರಳಿತು. ಅಲ್ಲಿ ಅದು ಜಾಸ್ತಿ ದಿನ ನಡೆಯಲಿಲ್ಲ. ಆದರೆ ಐರ್ಲೆಂಡಿನ ಕಾರ್ಟೂನ್ ಸಲೂನ್ ತಂಡ ಬಿಡಲಿಲ್ಲ. ಅವರ 2020ರ 'ವುಲ್ಫ್‌ವಾಕರ್ಸ್' ನೋಡಿ. ಕಾಡಿನ ತೋಳಗಳ ಸುತ್ತ ಪೆನ್ಸಿಲಿನ ಕಚ್ಚಾ ಗೆರೆಗಳನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ. ಆ ಗೆರೆಗಳು ಸುಮ್ನೆ ನಿಂತ ತೋಳಕ್ಕೂ ಉಸಿರು ಕೊಡುತ್ತವೆ.

ನಮ್ಮ ಮುಂಬೈಗೂ ಈ ವಿದ್ಯೆ ಹೊಸದಲ್ಲ. 1956ರಲ್ಲಿ ಇಲ್ಲಿನ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್‌ನಲ್ಲಿ ಕಾರ್ಟೂನ್ ಘಟಕ ಶುರುವಾದಾಗ ಕಲಿಸಲು ಬಂದವರು ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್. ಮರುವರ್ಷವೇ ಜಾತಕ ಕಥೆಯ ಜಿಂಕೆಯೊಂದು ತೆರೆಯ ಮೇಲೆ ಓಡಿತು. ಅಲ್ಲಿ ಪಳಗಿದ ರಾಮ್ ಮೋಹನ್ ಮುಂದೆ ಜಪಾನಿನವರ ಜೊತೆ ಸೇರಿ ರಾಮಾಯಣ ಮಾಡಿದರು. 1990ರ ದಶಕದ ಶುರುವಿನ ಆ ಚಿತ್ರ 2025ರ ಜನವರಿಯಲ್ಲಿ ಮತ್ತೆ ಥಿಯೇಟರಿಗೆ ಬಂತು. ಹನುಮಂತ ಹಾರುವಾಗ ಅಮ್ಮ ಕತ್ತಲಲ್ಲೇ ಕೈಮುಗಿದರು. ಪಕ್ಕದಲ್ಲಿದ್ದ ಮೊಮ್ಮಗಳು ಪಾಪ್‌ಕಾರ್ನ್ ಮರೆತೇಬಿಟ್ಟಿದ್ದಳು.

ಈಗ ಅವಳ ನೋಟ್‌ಬುಕ್ಕಿನಲ್ಲಿ ಕಪ್ಪೆ ಬಂದಿದೆ. ನೆಗೆಯುವ ಮುಂಚೆ ಮೈ ಕುಗ್ಗಿಸಿ ಕೂರುವುದಕ್ಕೇ ಆರು ಹಾಳೆ, ಗಾಳಿಯಲ್ಲಿರುವಾಗ ಎರಡೇ.