ಹಳದಿ ಸಿಪಿಲೆಯ ನೆತ್ತಿಯಲ್ಲೊಂದು ಗವಾಕ್ಷಿ

ಮಾರ್ಚ್ ಮೊದಲ ವಾರ ಬೆಳಿಗ್ಗೆ ಆರೂವರೆಗೆ ದಾವಣಗೆರೆಯ ಕುಂದುವಾಡ ಕೆರೆ ಕಡೆ ವಾಕಿಂಗ್ ಹೋದ್ರೆ ಅಂಚಲ್ಲಿ ಮೇಯೋ ಎಮ್ಮೆಗಳ ಕಾಲ ಹತ್ರ ಸ್ವಲ್ಪ ನಿಂತು ನೋಡಿ. ಬಾಲ ಕುಣಿಸ್ಕೊಂಡು, ಎಮ್ಮೆ ಗೊರಸಿಗೆ ಎದ್ದ ಹುಳ ಹಿಡೀತಾ ಓಡಾಡುತ್ತಲ್ಲ, ಅದು ಹಳದಿ ಸಿಪಿಲೆ. ನವೆಂಬರಲ್ಲಿ ಬಂದಾಗ ಮಾಸಿದ ಬಣ್ಣ, ಯಾರೂ ತಿರುಗಿ ನೋಡಲ್ಲ. ಈಗ ಗಂಡು ಹಕ್ಕಿ ಎದೆಯಿಂದ ಬಾಲದ ಬುಡದವರೆಗೂ ಅರಿಶಿನ ಕಲಸಿ ಬಳಿದಂಗೆ ಇರುತ್ತೆ, ನೆತ್ತಿ ನೀಲಿ ಬೂದು, ನಡುವೆ ಅಲ್ಲೊಂದು ಇಲ್ಲೊಂದು ಹಳೇ ಪುಕ್ಕ ಇನ್ನೂ ಉದುರಿಲ್ಲ. ಮಧ್ಯ ಏಷ್ಯಾ, ಸೈಬೀರಿಯಾ ಕಡೆ ಹೊರಡೋ ತಯಾರಿ ಅದು.

ಪ್ರತಿ ವರ್ಷ ಯಾರಾದ್ರೂ ಹೇಳೇ ಹೇಳ್ತಾರೆ, ನಮ್ಮ ಬಿಸಿಲು ತಡಿಯೋಕಾಗ್ದೆ ಹಕ್ಕಿ ಓಡೋಗ್ತವೆ ಅಂತ. ನಂಗೆ ಸುಮ್ನಿರೋಕಾಗಲ್ಲ. ಅಲ್ರೀ, ಪುಕ್ಕ ಬದಲಾಗೋಕೆ ಶುರುವಾಗಿದ್ದು ಫೆಬ್ರವರಿ ಹೊತ್ತಿಗೆ, ಆಗ ಬೆಳಿಗ್ಗೆ ನಾವಿನ್ನೂ ಸ್ವೆಟರ್ ಹಾಕ್ಕೊಂಡೇ ಬರ್ತಿದ್ವಿ. ಹುಳ ಸಿಗ್ದೆ ಹೋಗ್ತವೆ ಅನ್ನೋಕೂ ಆಗಲ್ಲ, ಭದ್ರಾ ಕಾಲುವೆಗೆ ನೀರು ಬಿಟ್ಟ ವರ್ಷ ಬೇಸಿಗೆ ಭತ್ತದ ಗದ್ದೇಲಿ ಹುಳಕ್ಕೇನು ಬರ? ಆದ್ರೂ ಹೋಗ್ತವೆ.

ಇದನ್ನ ಕೆನಡಾದ ಎಡ್ಮಂಟನ್‌ನಲ್ಲಿ ವಿಲಿಯಂ ರೋವನ್ ಅನ್ನೋರು ನೂರು ವರ್ಷದ ಹಿಂದೆನೇ ಪರೀಕ್ಷೆ ಮಾಡಿದ್ರು. ಜಂಕೋ ಅನ್ನೋ ಗುಬ್ಬಿಯಂಥ ಹಕ್ಕಿಗಳನ್ನ ಹೊರಗೆ ಕೊರೆಯೋ ಚಳೀಲೇ ಪಂಜರದಲ್ಲಿಟ್ಟು, ಸಂಜೆ ಬಲ್ಬ್ ಹಾಕಿ ದಿನಾ ಚೂರು ಚೂರು ಹಗಲು ಉದ್ದ ಮಾಡ್ತಾ ಹೋದ್ರು. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ, ಆದ್ರೂ ವಸಂತದಲ್ಲಿ ಮರಿ ಮಾಡೋ ಕಾಲ ಬಂದಂಗೆ ವೃಷಣಗಳು ಬೆಳೆದವು. 1925ರಲ್ಲಿ ಇದನ್ನ ಪ್ರಕಟಿಸಿದ್ರು. ಲೆಕ್ಕ ಹಗಲಿಂದು, ಬಿಸಿಲಿಂದಲ್ಲ.

ನಂಗೆ ಮೈ ಜುಂ ಅನ್ನಿಸೋದು ಇದರ ಮುಂದಿನ ಕಥೆ. ಹಗಲು ಅಳೆಯೋಕೆ ಹಕ್ಕಿಗೆ ಕಣ್ಣೇ ಬೇಕಿಲ್ಲ, ಬೆಳಕು ಬುರುಡೆ ದಾಟಿ ನೇರ ಮಿದುಳಿಗೇ ಹೋಗುತ್ತೆ. ಕರೆಂಟ್ ಹೋದಾಗ ಮಕ್ಕಳು ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ರೆ ಕೆಂಪಗೆ ಹೊಳಿಯುತ್ತಲ್ಲ, ಅದೇ ಥರ. ಇಲ್ಲಾಂದ್ರೆ ನಮ್ಮ ಕಡೆ ಹಳೇ ಮಾಳಿಗೆ ಮನೆ ನೆನಪು ಮಾಡ್ಕೊಳ್ಳಿ, ಗವಾಕ್ಷಿಯಿಂದ ಬಿದ್ದ ಬೆಳಕು ಒಳಕಲ್ಲಿನ ಹತ್ರ ಬಂತಾ, ಒಲೆ ಹತ್ರ ಬಂತಾ ಅಂತ ನೋಡಿ ಅಜ್ಜಿ ಹೊತ್ತು ಹೇಳ್ತಿದ್ಲು, ಹೊರಗೆ ಬಂದು ಸೂರ್ಯನ್ನ ನೋಡ್ತಿರಲಿಲ್ಲ. ಅಮೆರಿಕದ ಮೈಕೆಲ್ ಮೆನಾಕರ್ ಕಣ್ಣಿಲ್ಲದ ಗುಬ್ಬಚ್ಚಿಗಳೂ ಉದ್ದ ಹಗಲನ್ನ ಗುರುತಿಸ್ತವೆ ಅಂತ ತೋರಿಸಿದ್ರು, ಆಮೇಲೆ ತಲೆ ಚರ್ಮದ ಕೆಳಗೆ ಕಪ್ಪು ಶಾಯಿ ತುಂಬಿದ್ರೆ ಆ ಗುರುತೇ ಹೋಯ್ತು, ಮಳೆಗಾಲದಲ್ಲಿ ಗವಾಕ್ಷಿ ಮೇಲೆ ಕಲ್ಲು ಮುಚ್ಚಿದಂಗೆ! ಬೆಳಕು ಹಿಡಿಯೋ ಕೋಶಗಳು ಇರೋದು ಮಿದುಳಿನ ಬುಡದಲ್ಲಿರೋ ಹೈಪೊಥಲಾಮಸ್ ಅನ್ನೋ ಭಾಗದಲ್ಲಿ. ಅಲ್ಲಿ ಥೈರಾಯ್ಡ್ ಹಾರ್ಮೋನು ಚುರುಕಾಗಿ ಒಂದರ ಹಿಂದೆ ಒಂದು ಕೆಲಸ ಶುರು, ದುಗ್ಗಮ್ಮನ ಜಾತ್ರೆ ತಾರೀಕು ಗೊತ್ತಾದ ಮೇಲೆ ಮನೆಗೆ ಸುಣ್ಣ, ಹಿಟ್ಟು ಬೀಸೋದು, ನೆಂಟರಿಗೆ ಫೋನು ಅಂತ ಶುರುವಾಗುತ್ತಲ್ಲ ಹಂಗೆ. ಹಕ್ಕಿ ಮುಕ್ಕಿ ಮುಕ್ಕಿ ತಿಂದು ಚರ್ಮದ ಕೆಳಗೆ ಕೊಬ್ಬು ಕೂಡಿಡುತ್ತೆ, ದಾರಿಗೆ ಬುತ್ತಿ ಅದೇ.

ಒಂದು ಪ್ರಶ್ನೆ ಬರುತ್ತೆ, ದಾವಣಗೆರೇಲಿ ಅತಿ ಚಿಕ್ಕ ಹಗಲಿಗೂ ಅತಿ ಉದ್ದದ ಹಗಲಿಗೂ ಹೆಚ್ಚಂದ್ರೆ ಒಂದೂಮುಕ್ಕಾಲು ಗಂಟೆ ವ್ಯತ್ಯಾಸ, ಅಷ್ಟು ಸಾಕಾ? ಜರ್ಮನಿಯ ಏಬರ್‌ಹಾರ್ಡ್ ಗ್ವಿನ್ನರ್ ಉಲಿಯಕ್ಕಿಗಳನ್ನ ತಿಂಗಳುಗಟ್ಟಲೆ 12 ಗಂಟೆ ಬೆಳಕು, 12 ಗಂಟೆ ಕತ್ತಲಲ್ಲೇ ಇಟ್ರು, ಆದ್ರೂ ಹೊರಡೋ ಕಾಲಕ್ಕೆ ರಾತ್ರಿಯೆಲ್ಲ ರೆಕ್ಕೆ ಬಡೀತಿದ್ವು. ಅಂದ್ರೆ ವರ್ಷದ ಗಡಿಯಾರ ಮೈಯೊಳಗೇ ಇದೆ, ಹಗಲು ಅದರ ಮುಳ್ಳು ಸರಿ ಮಾಡುತ್ತೆ.

ನೋಡ್ಬೇಕಂದ್ರೆ ಈ ಭಾನುವಾರನೇ ಹೋಗಿ. ಏಪ್ರಿಲ್ ಕಳೀತಿದ್ದಂಗೆ ಅದೇ ಎಮ್ಮೆ ಕಾಲ ಹತ್ರ ಬರೀ ಗೋವಕ್ಕಿ ಇರ್ತವೆ.