ಕೊನೆಯ ತಾರೀಖು ಬೇರೆ, ಕೊನೆಯ ಸಾಲು ಬೇರೆ

ಹಿಂದೊಮ್ಮೆ ಹಳ್ಳಿಯ ಹಾಲಿನ ಡೇರಿಯೊಂದಕ್ಕೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಕಾರ್ಯದರ್ಶಿ ಕೇಳಿದ್ದು ಒಂದು ಪಟ್ಟಿ: ಪ್ರತಿ ಸದಸ್ಯರು ಕೊನೆಯ ಸಲ ಹಾಲು ಹಾಕಿದ್ದು ಯಾವಾಗ, ಆಗ ಫ್ಯಾಟ್ ಎಷ್ಟು ಬಂತು. ಅರ್ಧ ಗಂಟೆ ಕೆಲಸ ಅಂದುಕೊಂಡೆ. ಡೇಟಾಬೇಸ್‌ಗೆ ಒಂದು ಎಸ್‌ಕ್ಯುಎಲ್ ಕ್ವೆರಿ (ಮಾಹಿತಿ ಕೇಳುವ ಆದೇಶ) ಬರೆದೆ: ಸದಸ್ಯರ ನಂಬರಿಗೆ ಗ್ರೂಪ್ ಬೈ (ಒಬ್ಬರ ಸಾಲುಗಳೆಲ್ಲ ಒಂದು ಗುಂಪು), ತಾರೀಖಿಗೆ ಮ್ಯಾಕ್ಸ್ (ಗುಂಪಿನಲ್ಲೇ ದೊಡ್ಡದು), ಪಕ್ಕದಲ್ಲಿ ಸುಮ್ನೆ ಫ್ಯಾಟ್ ಕಾಲಂ. ಪಟ್ಟಿ ಬಂತು.

ವಾರದ ಮೇಲೆ ಒಬ್ಬರು ತಕರಾರು ತೆಗೆದರು. "ಸಾರ್, ಹಸು ಮಾರಿ ಎಮ್ಮೆ ಕಟ್ಟಿ ಎರಡು ತಿಂಗಳಾಯ್ತು. ಇದರಲ್ಲಿ ಇನ್ನೂ ಮೂರೂವರೆ ಫ್ಯಾಟ್ ತೋರಿಸ್ತಿದೆಯಲ್ಲ?"

ತಾರೀಖು ಸರಿಯಾಗಿಯೇ ಇತ್ತು. ಫ್ಯಾಟ್ ಮಾತ್ರ ಯಾವುದೋ ಹಳೇ ದಿನದ್ದು. ಮ್ಯಾಕ್ಸ್ ಹುಡುಕುವುದು ದೊಡ್ಡ ತಾರೀಖನ್ನು ಅಷ್ಟೇ, ಆ ಸಾಲನ್ನಲ್ಲ. ಗುಂಪಿನಲ್ಲಿ ಕೈಗೆ ಸಿಕ್ಕ ಯಾವುದೋ ಫ್ಯಾಟನ್ನು ಹಳೇ ಮೈಎಸ್‌ಕ್ಯುಎಲ್ ಡೇಟಾಬೇಸ್ ಎತ್ತಿಕೊಡುತ್ತಿತ್ತು. ಅದರ 5.7.5 ಆವೃತ್ತಿಯಿಂದ ಈಚೆಗೆ, ಸೆಟ್ಟಿಂಗ್ ಬದಲಿಸದಿದ್ದರೆ, ಇಂಥ ಕ್ವೆರಿಗೆ ಎರರ್ ಬರುತ್ತದೆ. ಇನ್ನೊಂದು ಡೇಟಾಬೇಸ್ ಪೋಸ್ಟ್‌ಗ್ರೆಸ್ ಕೂಡ ಒಪ್ಪುವುದಿಲ್ಲ. ತಪ್ಪು ಉತ್ತರಕ್ಕಿಂತ ಎರರ್ರೇ ವಾಸಿ, ಅಲ್ವಾ?

ಈಗ ನಾನು ಬಳಸುವುದು ರೋ ನಂಬರ್, ಅಂದರೆ ಸಾಲುಗಳಿಗೆ ಕ್ರಮಸಂಖ್ಯೆ ಹಾಕುವ ಫಂಕ್ಷನ್. ಪಾರ್ಟಿಷನ್ ಬೈ ಸದಸ್ಯ (ಸದಸ್ಯರಿಗೊಂದು ಗುಂಪು), ಆರ್ಡರ್ ಬೈ ತಾರೀಖು, ಹೊಸದು ಮೊದಲು. ಪ್ರತಿ ಸದಸ್ಯರ ಸಾಲುಗಳಿಗೂ 1, 2, 3 ಅಂತ ನಂಬರ್ ಬೀಳುತ್ತದೆ. ಇದನ್ನು ಒಳಗಿನ ಕ್ವೆರಿಯಾಗಿಟ್ಟು, ಹೊರಗಿನಿಂದ 1 ಇರುವ ಸಾಲನ್ನಷ್ಟೇ ತೆಗೆದುಕೊಳ್ಳಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಇದು 2009ರಿಂದಲೇ ಇದೆ. ಮೈಎಸ್‌ಕ್ಯುಎಲ್‌ಗೆ 8.0ರಲ್ಲಿ, ಅಂದರೆ 2018ರಲ್ಲಿ ಬಂತು. ಸದಸ್ಯ ಮತ್ತು ತಾರೀಖು ಎರಡನ್ನೂ ಸೇರಿಸಿ ಒಂದೇ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿದರೆ ವೇಗಕ್ಕೆ ಅನುಕೂಲ.

ಆದರೆ ಡೇರಿಗೆ ಹಾಲು ಬರುವುದು ದಿನಕ್ಕೆ ಎರಡು ಸಲ. ಒಂದೇ ತಾರೀಖಿಗೆ ಎರಡು ಸಾಲು. ಅದರಲ್ಲಿ ಕೊನೆಯದು ಯಾವುದು? ಹೊತ್ತಿನ ಕಾಲಂ ಅನ್ನೂ ಆರ್ಡರ್ ಬೈನಲ್ಲಿ ಸೇರಿಸಿದೆ. ಅಲ್ಲೂ ಎಡವಟ್ಟಾಯಿತು. ಅದರಲ್ಲಿ ಮಾರ್ನಿಂಗ್, ಈವ್ನಿಂಗ್ ಅಂತ ಇಂಗ್ಲಿಷಿನಲ್ಲಿ ತುಂಬಿಸಿದ್ದೆ. ಆ ಅಕ್ಷರಮಾಲೆಯ ಲೆಕ್ಕದಲ್ಲಿ ಮಾರ್ನಿಂಗೇ ಆಮೇಲಿನದು! ಕನ್ನಡದಲ್ಲಿ ಬೆಳಗ್ಗೆ, ಸಂಜೆ ಅಂತ ಬರೆದಿದ್ದರೆ ಅದೃಷ್ಟಕ್ಕೆ ಸರಿಹೋಗುತ್ತಿತ್ತು. ಅದೃಷ್ಟ ನೆಚ್ಚಿಕೊಳ್ಳದೆ ಬೆಳಗ್ಗೆಗೆ 1, ಸಂಜೆಗೆ 2 ಅಂತ ಮಾಡಿದೆ. ಅದಾದ ಮೇಲೂ ಸಮ ಬಂದರೆ ಸಾಲಿನ ಐಡಿ ತೀರ್ಮಾನಿಸಲಿ ಅಂತ ಕೊನೆಗೆ ಅದನ್ನೂ ಸೇರಿಸಿದೆ.

ಇಷ್ಟಾದರೂ ಒಂದು ಸಲವೂ ಹಾಲು ಹಾಕದವರು ಪಟ್ಟಿಗೆ ಬರಲೇ ಇಲ್ಲ. ಸದಸ್ಯರ ಟೇಬಲ್‌ನಿಂದ ಶುರು ಮಾಡಿ ಲೆಫ್ಟ್ ಜಾಯಿನ್ (ಹಾಲಿನ ಸಾಲು ಇಲ್ಲದ ಸದಸ್ಯರನ್ನೂ ಉಳಿಸಿಕೊಳ್ಳುವ ಜೋಡಣೆ) ಹಾಕಿದ ಮೇಲೆ ಬಂದರು. ಕಾರ್ಯದರ್ಶಿ ಪಟ್ಟಿ ಕೇಳಿದ್ದೇ ಅವರ ಹೆಸರಿಗಾಗಿಯಂತೆ.