ಗಡ್ಡಕ್ಕೆ ನೀರು ಬೇಕು, ಕತ್ತಿಗೆ ಬೇಡ

ಆರಿದ್ರ ಮಳೆ ಹಿಡಿಯಿತು ಎಂದರೆ ನಮ್ಮ ಮೂಡಿಗೆರೆ ಕಡೆ ಒಣಗಿದ ವಸ್ತು ಅಂತ ಒಂದೂ ಇರುವುದಿಲ್ಲ. ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನ ತೂಗುತ್ತದೆ, ಡಬ್ಬಿಯ ಉಪ್ಪು ನೀರಾಗುತ್ತದೆ, ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಒಂದು ಮಳೆಗಾಲದಲ್ಲಿ ಅಜ್ಜನ ಕಾಲದ ಕ್ಷೌರದ ಕತ್ತಿಯಿಂದ ಗಡ್ಡ ಹೆರೆದುಕೊಂಡು, ಕತ್ತಿಯನ್ನು ತೊಳೆದು, ಸುಮ್ನೆ ಒಮ್ಮೆ ಕೊಡವಿ, ಮಡಚಿ ಬಚ್ಚಲುಮನೆಯ ಗೂಡಿನಲ್ಲಿಟ್ಟು ಕೆಲಸದ ಮೇಲೆ ಬೆಂಗಳೂರಿಗೆ ಹೋದೆ. ನಾಲ್ಕು ದಿನ ಬಿಟ್ಟು ಬಂದು ಬಿಚ್ಚಿದರೆ ಅಲಗಿನ ಮೇಲೆ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆಗಳು. ಕರುಳು ಚುರುಕ್ಕೆಂದಿತು.

ಲೆನ್ಸ್ ಹಿಡಿದು ನೋಡಿದೆ. ಪ್ರತಿ ಚುಕ್ಕೆಯೂ ಒಂದು ಉಂಗುರ. ಸುತ್ತ ಕೆಂಪು ತುಕ್ಕು, ನಡುವೆ ಸೂಜಿಮೊನೆಯಷ್ಟು ಸಣ್ಣ ಗುಂಡಿ. ಅದು ಹಾಗೇ ಆಗಬೇಕು. ನೀರಿನ ಹನಿಯ ಅಂಚಿನಲ್ಲಿ ಗಾಳಿಯ ಆಮ್ಲಜನಕ ಜಾಸ್ತಿ ಸಿಗುತ್ತದೆ, ನಡುವೆ ಕಡಿಮೆ. ಆ ವ್ಯತ್ಯಾಸದಿಂದಲೇ ಒಂದೊಂದು ಹನಿಯೂ ಪುಟ್ಟ ಬ್ಯಾಟರಿಯಾಗುತ್ತದೆ. ನಡುವಿನ ಕಬ್ಬಿಣ ಕರಗುತ್ತದೆ, ಅಂಚಿನ ಕಡೆ ಬಂದು ತುಕ್ಕಾಗಿ ಕೂರುತ್ತದೆ. ನೀರಿನಲ್ಲಿ ಬೆವರಿನ ಉಪ್ಪು ಸೇರಿದ್ದರೆ ಈ ಕೆಲಸ ಇನ್ನೂ ಜೋರು.

ಈ ಕೆಂಪು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ, ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಇದೆ. ಅಲ್ಲಿನ ಮಣ್ಣು ಕೆಂಪಗಿರುವುದು ಅದರಲ್ಲಿರುವ ಕಬ್ಬಿಣ ಆಮ್ಲಜನಕದ ಜೊತೆ ಸೇರಿಕೊಂಡಿರುವುದರಿಂದ. ಆ ಬೆಟ್ಟದ ಅದಿರು ಭದ್ರಾವತಿಗೆ ಹೋಗುತ್ತಿತ್ತು. ಅಲ್ಲಿ 1923ರಿಂದ ಕುಲುಮೆಯಲ್ಲಿ ಇದ್ದಿಲಿನ ಜೊತೆ ಕಾಯಿಸಿ, ಆಮ್ಲಜನಕವನ್ನು ಬಿಡಿಸಿ ಕಬ್ಬಿಣ ತೆಗೆದರು. ಅಷ್ಟೊಂದು ಬೆಂಕಿ ಸುರಿದು ಬಿಡಿಸಿದ ಜೋಡಿ ಮತ್ತೆ ಸೇರಲು ಕಾಯುತ್ತಲೇ ಇರುತ್ತದೆ, ಒಂದು ತೊಟ್ಟು ನೀರು ಸಿಕ್ಕರೆ ಸಾಕು. ನನ್ನ ಕತ್ತಿ ಜರ್ಮನಿಯ ಸೋಲಿಂಗೆನ್ ಊರಿನದು, ಆದರೆ ಕಬ್ಬಿಣದ ಗುಣ ಎಲ್ಲಿದ್ದರೂ ಒಂದೇ ಅಲ್ವಾ.

ಸ್ಟೀಲ್ ಲೋಟಕ್ಕೆ ಹೀಗೇಕೆ ಆಗುವುದಿಲ್ಲ ಎಂದು ಕೇಳಬಹುದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇಕಡ 10.5ರಷ್ಟು ಕ್ರೋಮಿಯಂ ಇರುತ್ತದೆ, ಅದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳ್ಳನೆಯ ಪೊರೆ ಕಟ್ಟಿ ಕಾಯುತ್ತದೆ. ಹಳೆಯ ಕ್ಷೌರದ ಕತ್ತಿಗಳಲ್ಲಿ ಹೆಚ್ಚಿನವು ಸುಮಾರು ಶೇಕಡ 1ರಷ್ಟು ಇಂಗಾಲ ಸೇರಿದ ಉಕ್ಕು. ಗಟ್ಟಿಯಾಗಿರುತ್ತದೆ, ಸಾಣೆಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ಆ ಪೊರೆ ಇಲ್ಲ.

ಕತ್ತಿಯ ಬೆನ್ನಿನ ಮೇಲೆ ಎರಡು ತುಕ್ಕಿನ ಕಲೆ ಇದ್ದರೆ ನೋಡಲು ಅಂದಗೆಡುತ್ತದೆ, ಅಷ್ಟೇ. ಬಾಯಿಯ ಮೇಲಿದ್ದರೆ ಕಥೆ ಬೇರೆ. ಚೆನ್ನಾಗಿ ಮಸೆದ ಬಾಯಿ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತೆಳು, ನಮ್ಮ ಕೂದಲು 50ರಿಂದ 100 ಮೈಕ್ರಾನ್ ದಪ್ಪ. ಅಷ್ಟು ತೆಳುವಾದ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಗುಂಡಿ ಬಿದ್ದರೂ ಅಲ್ಲಿ ಕತ್ತಿಗೆ ಬಾಯಿಯೇ ಇರುವುದಿಲ್ಲ. ಮೊನ್ನೆ ಬೆಣ್ಣೆಯಂತೆ ಹೆರೆದ ಕತ್ತಿ ಇವತ್ತು ಯಾಕೆ ಕೀಳುತ್ತಿದೆ ಎಂದು ಸೋಪನ್ನೋ ನೀರನ್ನೋ ಬೈಯುವ ಮೊದಲು ಅದನ್ನು ಇಟ್ಟ ಜಾಗ ನೋಡಿ.

ಕೂದಲಿನದೂ ತಪ್ಪಿದೆ, ಇಲ್ಲ ಎನ್ನುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ತೋರಿಸಿದರು. ಅವರಲ್ಲೊಬ್ಬರು ತಮ್ಮದೇ ಗಡ್ಡ ಬೋಳಿಸಿ ಬೋಳಿಸಿ ಬ್ಲೇಡನ್ನು ಪರೀಕ್ಷಿಸಿದ್ದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಕೂದಲು ಓರೆಯಾಗಿ ಬಾಗಿ ತಾಗಿದಾಗ, ಆ ಜಾಗದಲ್ಲಿ ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದಿದ್ದರೆ, ಬಾಯಿಯಿಂದ ಚಕ್ಕೆ ಏಳುತ್ತದೆ. ಅದಕ್ಕೇ ಗಡ್ಡವನ್ನು ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಬೇಕು. ಕೂದಲಿನ ಕೆರಾಟಿನ್ ಎಳೆಗಳನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುತ್ತದೆ, ಕತ್ತರಿಸುವ ಬಲ ಕಡಿಮೆ ಸಾಕು. ಹೆರೆಯುವ ತನಕ ನೀರು ಕತ್ತಿಯ ಸ್ನೇಹಿತ, ಹೆರೆದ ಮೇಲೆ ಅಲ್ಲ.

ಹಾಗಾಗಿ ನನಗೆ ಮುಖ್ಯ ಕೆಲಸ ಒರೆಸುವುದು. ನೊರೆ ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು, ಹಿಡಿಯೊಳಗೆ ಹೋಗದಂತೆ ಅಲಗಿಗೆ ಮಾತ್ರ. ಹಳೆಯ ಪಂಚೆಯ ತುಂಡಿನಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ, ಅಡ್ಡಡ್ಡ ಎಳೆಯಬೇಡಿ, ಬಟ್ಟೆಯೂ ಹೋಗುತ್ತದೆ ಬೆರಳೂ ಹೋಗುತ್ತದೆ. ಎಲ್ಲರೂ ಮರೆಯುವ ಜಾಗ ಕೀಲು. ಹಿಡಿಯ ಎರಡು ಪಟ್ಟಿಗಳ ನಡುವೆ ಸೋಪಿನ ನೀರು ಹೋಗಿ ಕೂರುತ್ತದೆ, ಗಾಳಿ ಆಡುವುದಿಲ್ಲ, ತುಕ್ಕು ಒಳಗಿಂದೊಳಗೇ ಬೆಳೆಯುತ್ತದೆ. ತೆಳು ಬಟ್ಟೆಯ ಪಟ್ಟಿಯೊಂದನ್ನು ಆ ಸಂದಿಯಲ್ಲಿ ಹಾಯಿಸಿ ಎಳೆಯುತ್ತೇನೆ. ಆಮೇಲೆ ಒಂದು ಗಂಟೆ ಬಿಚ್ಚಿದ ಹಾಗೇ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಬಚ್ಚಲಿನಿಂದ ದೂರ.

ಬೇಗ ಒಣಗಲಿ ಎಂದು ಒಲೆಯ ಉರಿಗೆ ಮಾತ್ರ ಹಿಡಿಯಬೇಡಿ. ಉಕ್ಕಿನ ಗಟ್ಟಿತನ ಅದನ್ನು ಹದ ಮಾಡುವಾಗ ಬಂದದ್ದು. ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ, 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ನೀಲಿ ಬಣ್ಣ ತಿರುಗುತ್ತದೆ. ಹಾಗೆ ನೀಲಿಯಾದ ಜಾಗದ ಹದ ಹೋಯಿತು, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ತೊಗಲು ಪಟ್ಟಿಯ ಮೇಲೆ ಎಳೆಯುವುದು ಮುಂದಿನ ಸಲ ಹೆರೆಯುವ ಮೊದಲು. ಬೆನ್ನು ಮುಂದೆ, ಬಾಯಿ ಹಿಂದೆ, ಬೆನ್ನೂ ಬಾಯಿಯೂ ಎರಡೂ ತೊಗಲಿಗೆ ತಾಗಿರಬೇಕು. ಕತ್ತಿಯ ಬೆನ್ನನ್ನು ದಪ್ಪ ಮಾಡಿರುವುದೇ ಇದಕ್ಕೆ, ಕೋನವನ್ನು ನಿಮ್ಮ ಕೈ ಹುಡುಕಬೇಕಿಲ್ಲ. ಪಟ್ಟಿಯ ತುದಿಯಲ್ಲಿ ಬೆನ್ನಿನ ಮೇಲೆ ಹೊರಳಿಸಿ, ಬಾಯಿಯ ಮೇಲೆ ಹೊರಳಿಸಿದರೆ ತೊಗಲು ಸೀಳುತ್ತದೆ. ಇದರಿಂದ ಉಕ್ಕು ಸವೆಯುವುದು ಬಹಳ ಕಡಿಮೆ, ಆಚೀಚೆ ಬಾಗಿದ ಬಾಯಿ ನೇರವಾಗುತ್ತದೆ. ಮಳೆಗಾಲದಲ್ಲಿ ಪಟ್ಟಿಗೂ ಬೂಷ್ಟು ಬರುತ್ತದೆ, ಒಣ ಬಟ್ಟೆಯಿಂದ ಒರೆಸಿ ಅಡುಗೆಮನೆಯ ಬೆಚ್ಚನೆಯ ಗೋಡೆಗೆ ತೂಗುಹಾಕಿ.

ಎಣ್ಣೆಯ ವಿಷಯ. ನಮ್ಮ ಮನೆಗಳಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ನೀರನ್ನು ಅದು ತಡೆಯುತ್ತದೆ, ಸುಳ್ಳಲ್ಲ. ಆದರೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆ ಅದು, ನಮ್ಮ ಬೆಳಗಿನ ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಕಮಟು ಹಿಡಿದು ಆಮ್ಲ ಬಿಡುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಖನಿಜ ತೈಲ, ಅದಕ್ಕೆ ಕಮಟು ಹಿಡಿಯುವುದಿಲ್ಲ. ಎರಡು ಹನಿ ಬಟ್ಟೆಗೆ ಹಾಕಿ ಸವರಿದರೆ ಸಾಕು, ಬಳಸುವ ಮೊದಲು ಸ್ಪಿರಿಟ್‌ನಿಂದ ಒರೆಸಿ ತೆಗೆಯಿರಿ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ಕತ್ತಿಯ ಡಬ್ಬಿಗೆ ಹಾಕಿ.

ಪಟಿಕವನ್ನು ಕೆನ್ನೆಗೆ ಉಜ್ಜಿಕೊಳ್ಳಿ, ಅದೇ ಒದ್ದೆ ಕೈಯಲ್ಲಿ ಕತ್ತಿ ಮುಟ್ಟಬೇಡಿ. ಅದರ ನೀರು ಹುಳಿ ಗುಣದ್ದು, ಉಕ್ಕನ್ನು ತಿನ್ನುತ್ತದೆ. ಹಿತ್ತಾಳೆ ಚೆಂಬಿಗೆ ಉಜ್ಜುವ ಹುಣಸೆಹಣ್ಣಿಗೂ ಇದೇ ಮಾತು. ಬ್ಲೀಚಿಂಗ್ ನೀರೂ ಬೇಡ, ಅದು ಉಕ್ಕಿನಲ್ಲಿ ಗುಂಡಿ ಕೊರೆಯುತ್ತದೆ. ಮತ್ತೆ, ಈ ಕತ್ತಿ ಒಬ್ಬರಿಗೇ ಇರಲಿ, ಅಣ್ಣ ತಮ್ಮಂದಿರಾದರೂ ಸರಿ. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಉಳಿಯುತ್ತದೆ. ಕಟಿಂಗ್ ಶಾಪಿನಲ್ಲಿ ಪ್ರತಿಯೊಬ್ಬರಿಗೂ ಹೊಸ ಅರ್ಧ ಬ್ಲೇಡ್ ಮುರಿದು ಹಾಕುವುದು ಇದಕ್ಕೇ.

ನನ್ನ ಕತ್ತಿಯ ಬಾಯಿಯಲ್ಲಿದ್ದ ಗುಂಡಿಗಳನ್ನು ಪೇಟೆಯಲ್ಲಿ ಕೈಪಳಗಿದ ಹಿರಿಯರೊಬ್ಬರು ಸಾಣೆಕಲ್ಲಿನ ಮೇಲೆ ತೆಗೆದುಕೊಟ್ಟರು, ಅದರ ಜೊತೆ ಅಲಗಿನ ಅಗಲವೂ ಒಂದು ಕೂದಲೆಳೆಯಷ್ಟು ಹೋಯಿತು. ಮೈಮೇಲಿನ ಕೆಂಪನ್ನು ನಾನೇ 2000 ನಂಬರಿನ ಎಮರಿ ಕಾಗದಕ್ಕೆ ಎಣ್ಣೆ ಹಾಕಿ, ಬಾಯಿ ಮುಟ್ಟದಂತೆ ಉಜ್ಜಿ ತೆಗೆದೆ. ಬೆನ್ನಿನ ಹತ್ತಿರ ಎರಡು ಕಪ್ಪು ಚುಕ್ಕೆ ಉಳಿದಿವೆ. ಕಪ್ಪು ಬೆಳೆಯುವ ತುಕ್ಕಲ್ಲ, ಅದಕ್ಕೇ ಬಿಟ್ಟಿದ್ದೇನೆ. ಮಳೆ ಹಿಡಿದಾಗಲೆಲ್ಲ ಲೆನ್ಸ್ ಹಿಡಿದು ಅವುಗಳ ಸುತ್ತ ಕೆಂಪು ಬಂದಿದೆಯಾ ಎಂದು ನೋಡುತ್ತೇನೆ. ಈ ಸಲ ಬಂದಿಲ್ಲ.